ಸೆರಗಿನ ಕೆಳಗಿನ ದರ

ಷೇರು ಪೇಟೆ ಬಿದ್ದಾಗ ಸಿಂದಗಿಯಲ್ಲಿ ಎಲ್ಲರೂ ಪಂಡಿತರಾಗುತ್ತಾರೆ. ಏರುವ ಕಾಲದಲ್ಲಿ ರೈತರ ಮಾಲು ಮಾರಿಸಿಕೊಡುವ ನನ್ನ ಅಡತಿ ಅಂಗಡಿಯ ಮುಂದೆ ಚಹಾ ಕುಡಿಯುತ್ತ, ನಮಗೂ ಒಂದೆರಡು ಕಂಪನಿ ಹೇಳ್ರಿ ಎಂದು ದುಂಬಾಲು ಬಿದ್ದವರೇ ಈಗ ಅದೇ ಚಹಾ ಕುಡಿಯುತ್ತ, ಅದೆಲ್ಲ ಜೂಜು, ನಮಗೆ ಮೊದಲೇ ಗೊತ್ತಿತ್ತು ಎನ್ನುತ್ತಾರೆ. ಗೊತ್ತಿದ್ದರೆ ಆಗ ಬಾಯಲ್ಲಿ ಏನು ತುಂಬಿಕೊಂಡಿದ್ದರೋ. ಜಗಳಕ್ಕೆ ಹೋಗುವ ತ್ರಾಣವೂ ನನ್ನಲ್ಲಿ ಉಳಿದಿಲ್ಲ. ಬೆಳಿಗ್ಗೆ ಮೊಬೈಲು ತೆರೆದರೆ ಕೆಂಪು, ಮಧ್ಯಾಹ್ನ ತೆರೆದರೆ ಇನ್ನಷ್ಟು ಕೆಂಪು. ಟಿವಿಯಲ್ಲಿ ಕೋಟು ತೊಟ್ಟವರು ಇದೇ ಕೊಳ್ಳುವ ಕಾಲ ಎನ್ನುತ್ತಾರೆ. ಯಾರ ದುಡ್ಡಿನಿಂದ ಎಂಬುದನ್ನು ಮಾತ್ರ ಹೇಳುವುದಿಲ್ಲ.

ನನ್ನೊಬ್ಬನ ಹುಚ್ಚಾಗಿದ್ದರೆ ನಕ್ಕು ಸುಮ್ಮನಾಗುತ್ತಿದ್ದೆ. ಆದರೆ ಹೆಂಡತಿಯ ಮೊಣಕಾಲಿನ ಗತಿ ಆ ಷೇರುಗಳ ಮೇಲಿತ್ತು. ಆಕೆ ಆಲಮೇಲದ ಒಂದು ಖಾಸಗಿ ಶಾಲೆಯಲ್ಲಿ ಟೀಚರು. ಮದುವೆಯಾದಾಗಿನಿಂದ ದಿನಾ ಸಿಂದಗಿಯಿಂದ ಬಸ್ಸಿನಲ್ಲಿ ಹೋಗಿ ಬರುತ್ತಾಳೆ. ಕಬ್ಬಿನ ಹಂಗಾಮು ಶುರುವಾದರೆ ಟ್ರ್ಯಾಕ್ಟರುಗಳ ಹಿಂದೆ ಬಸ್ಸು ತೆವಳುತ್ತದೆ, ಆಕೆ ಕಂಬಿ ಹಿಡಿದು ನಿಂತೇ ಬರಬೇಕು. ಮೊಣಕಾಲು ಸವೆದಿವೆ, ಬಸ್ಸು ಹತ್ತಿ ಇಳಿಯುವುದನ್ನು ಬಿಡಿ ಎಂದು ಡಾಕ್ಟರು ಹೇಳಿ ಬಹಳ ದಿನವಾಗಿತ್ತು. ಆ ಶಾಲೆಯಲ್ಲಿ ಪಿಂಚಣಿ ಇಲ್ಲ. ನನ್ನ ಅಂಗಡಿಯ ಕಮಿಷನ್ನು ಸುಗ್ಗಿಯಲ್ಲಿ ಬಂದರೆ ಬಂತು, ಉಳಿದ ತಿಂಗಳು ಆಕೆಯ ಪಗಾರದಿಂದಲೇ ಒಲೆ ಉರಿಯುವುದು. ಈ ವರ್ಷ ಶಾಲೆ ಮುಗಿದೊಡನೆ ಕೆಲಸ ಬಿಟ್ಟುಬಿಡು, ಷೇರುಗಳೇ ನಿನ್ನ ಪಿಂಚಣಿ ಎಂದು ದೊಡ್ಡ ಮನುಷ್ಯನ ಹಾಗೆ ಮಾತು ಕೊಟ್ಟವನು ನಾನೇ.

ನಾನು ಬೆಳೆದದ್ದು ತೊಗರಿ ಚೀಲಗಳ ನಡುವೆ. ಸುಗ್ಗಿಯಲ್ಲಿ ಎಪಿಎಂಸಿ ಯಾರ್ಡಿನ ತುಂಬ ತೊಗರಿ ಬಂದು ಬಿದ್ದಾಗ ದರ ಇಳಿಯುತ್ತದೆ. ತಾಕತ್ತಿದ್ದವರು ಆಗ ಮಾರುವುದಿಲ್ಲ, ಗೋದಾಮಿನಲ್ಲಿ ಒಟ್ಟುತ್ತಾರೆ. ಕೊಂಡ ದರ ತಿರುಗಿ ಬರುವ ತನಕ ಚೀಲ ಅಲುಗಬಾರದು, ಬಂದ ದಿನ ನಿಲ್ಲಬಾರದು ಎಂಬುದು ನಮ್ಮಪ್ಪ ಕಲಿಸಿದ ವ್ಯಾಪಾರ. ತಾಳಿದವನು ಬಾಳಿಯಾನು. ತೊಗರಿ ಒಂದು ವರ್ಷ ಅಳಿಸಿದರೂ ಮುಂದಿನ ವರ್ಷ ನಗಿಸಿದೆ, ಏಕೆಂದರೆ ಜನ ಬೇಳೆ ತಿನ್ನುವುದನ್ನು ಬಿಡುವುದಿಲ್ಲ.

ಇದೇ ಬುದ್ಧಿಯನ್ನು ಷೇರಿಗೂ ಹಚ್ಚಿದೆ. ಪೇಟೆ ಇಳಿಯತೊಡಗಿದಾಗ ಕೊಂಡ ದರಕ್ಕಿಂತ ಮೇಲಿದ್ದವನ್ನು ಮಾರಿದೆ, ಕೆಳಗೆ ಬಿದ್ದವನ್ನು ಇಟ್ಟುಕೊಂಡೆ. ಮಾರಿದ ದುಡ್ಡಿನಿಂದ ಬಿದ್ದವನ್ನೇ ಮತ್ತಷ್ಟು ಕೊಂಡೆ, ಸೋವಿಯಾಗಿ ಸಿಗುತ್ತಿದೆ ಎಂದು. ಹೀಗೆ ಮಾಡುತ್ತ ಮಾಡುತ್ತ ಒಳ್ಳೆಯ ಮಾಲೆಲ್ಲ ಹೊರಗೆ ಹೋಗಿ ಗೋದಾಮಿನಲ್ಲಿ ಹುಳುಕು ಮಾಲೇ ತುಂಬಿಕೊಂಡಿತು. ತೊಗರಿಯಾದರೆ ಒಂದು ಕಾಳನ್ನು ಹಲ್ಲಿಗೆ ಕೊಟ್ಟು ಕಡಿದರೆ ಹಸಿಯೋ ಒಣಗಿದ್ದೋ ತಿಳಿಯುತ್ತದೆ. ಷೇರನ್ನು ಎಲ್ಲಿ ಕಡಿಯಲಿ? ಅರ್ಧಕ್ಕರ್ಧ ದುಡ್ಡು ಹಾಕಿದ್ದು ನೀರಿನ ಪಂಪು ಮಾಡುವ ಒಂದು ಕಂಪನಿಗೆ. ಅದರ ಪಂಪನ್ನು ನಾನು ಕಣ್ಣಿನಿಂದ ನೋಡಿದ್ದೂ ಇಲ್ಲ. ಬಿದ್ದ ಪೇಟೆ ಒಂದು ದಿನ ಎದ್ದೀತು, ಅದನ್ನು ನಾನು ಈಗಲೂ ನಂಬುತ್ತೇನೆ. ಆದರೆ ಪೇಟೆ ಎದ್ದಾಗ ಬಿದ್ದ ಕಂಪನಿಗಳೆಲ್ಲ ಏಳುತ್ತವೆ ಎಂದು ನಂಬಿದೆನಲ್ಲ, ಅಲ್ಲಿ ಕೆಟ್ಟೆ.

ಆಕೆ ಕೇಳಿದಾಗಲೆಲ್ಲ, ಬರ್ತೈತಿ, ದರ ಬರ್ತೈತಿ ಎಂದು ಹಾರಿಸಿಬಿಡುತ್ತಿದ್ದೆ. ಹಾರಿಸುವುದಕ್ಕೂ ದಣಿವಾಗುತ್ತದೆ. ಒಂದು ಭಾನುವಾರ ಸಂಜೆ ಮನೆಯ ಕಟ್ಟೆಯ ಮೇಲೆ ಕೂತಿದ್ದೆವು. ಎದುರು ಮನೆಯವರು ಅಂಗಳದಲ್ಲಿ ಜೋಳ ಹಸನು ಮಾಡುತ್ತಿದ್ದರು. ಮುಂದಿನ ವರ್ಷ ಇರುತ್ತೀರೋ ಬಿಡುತ್ತೀರೋ ಸೋಮವಾರ ಹೇಳಿಬಿಡಿ ಎಂದು ಹೆಡ್‌ಮಾಸ್ತರು ಕೇಳಿದ್ದಾರೆ, ಏನು ಹೇಳಲಿ ಎಂದಳು. ಬರ್ತೈತಿ ಎಂದು ಶುರು ಮಾಡಿ ಅರ್ಧಕ್ಕೇ ನಿಲ್ಲಿಸಿ, ಕಟ್ಟೆಯ ಧೂಳು ಒರೆಸತೊಡಗಿದೆ.

ಆಕೆಯ ಅಪ್ಪ, ನನ್ನ ಮಾವ, ಹೂವಿನ ಹಿಪ್ಪರಗಿ ಕಡೆಯ ಎತ್ತಿನ ದಲಾಲಿ. ದನದ ಸಂತೆಯಲ್ಲಿ ದರವನ್ನು ಬಾಯಿಬಿಟ್ಟು ಹೇಳುವುದಿಲ್ಲ. ಇಬ್ಬರ ಕೈ ಮೇಲೆ ಟವೆಲ್ಲು ಹಾಕಿ, ಅದರ ಕೆಳಗೆ ಒಬ್ಬರ ಬೆರಳು ಒಬ್ಬರು ಹಿಡಿಯುತ್ತಾರೆ. ಹಿಡಿದ ಬೆರಳೆಷ್ಟೋ ದರ ಅಷ್ಟು. ಸುತ್ತ ನಿಂತವರಿಗೆ ಏನೂ ತಿಳಿಯುವುದಿಲ್ಲ, ಸೋತವನ ಮರ್ಯಾದೆಯೂ ಉಳಿಯುತ್ತದೆ. ಚಿಕ್ಕವಳಿದ್ದಾಗ ಅಪ್ಪನಿಗೆ ಸಂತೆಗೆ ಬುತ್ತಿ ಒಯ್ಯುತ್ತಿದ್ದ ಈಕೆ ಅದನ್ನೆಲ್ಲ ನೋಡಿ ಕಲಿತವಳು.

ಎದುರು ಮನೆಯವರ ಕಡೆ ಒಮ್ಮೆ ನೋಡಿ, ಸೆರಗನ್ನು ಎಳೆದು ನಮ್ಮಿಬ್ಬರ ಕೈ ಮೇಲೆ ಹಾಕಿದಳು.

"ಬಾಯಿಲೆ ಹೇಳಾಕ ಆಗಲಿಲ್ಲಂದ್ರ ಬೆರಳ ಹಿಡೀರಿ," ಎಂದಳು. "ನಾ ಇನ್ನ ಎಷ್ಟ ವರ್ಷ ಬಸ್ ಹತ್ತಬೇಕು?"

ನಾನು ಆಕೆಯ ಐದೂ ಬೆರಳು ಹಿಡಿದೆ. ಹಿಡಿದ ಮೇಲೆ ಮುಖ ನೋಡಲಾಗಲಿಲ್ಲ, ಎದುರಿನ ಜೋಳದ ರಾಶಿ ನೋಡಿದೆ. ನಾಚಿಕೆಯಾಯಿತು. ಅಳುವೂ ಬಂತು, ಸುಳ್ಳೇಕೆ ಹೇಳಲಿ. ಬಯ್ದಿದ್ದರೆ ತಡೆದುಕೊಳ್ಳುತ್ತಿದ್ದೆ, ಆಕೆ ಬಯ್ಯಲಿಲ್ಲ. ದಲಾಲಿಯ ಮಗಳಲ್ಲವೇ, ಕೈ ಬಿಡಿಸಿಕೊಂಡು ನನ್ನ ಒಂದೇ ಬೆರಳು ಹಿಡಿದಳು. ಆಗುವುದಿಲ್ಲ ಎಂದು ತಲೆ ಅಲ್ಲಾಡಿಸಿ ನಾನು ಮೂರು ಹಿಡಿದೆ. ಆಕೆ ಮತ್ತೆ ಅದೇ ಒಂದನ್ನು ಹಿಡಿದಳು, ಈ ಸಲ ಬಿಗಿಯಾಗಿ.

"ನಿಮ್ಮ ದರ ಬರೂದಿಲ್ರಿ," ಎಂದಳು. "ಹುಳಕ ಮಾಲ ನಾಳೆ ಮಾರಿಬಿಡ್ರಿ. ಬಂದಷ್ಟು ಬರ್ಲಿ, ಇದ್ದದ್ರಾಗ ಉಣ್ಣೂಣು. ಒಂದ ವರ್ಷ ನಾ ಹೋಗಿ ಬರ್ತೇನಿ. ಅದಕ್ಕಿಂತ ಹೆಚ್ಚಿಂದು ನನ್ನ ಕಾಲಾಗ ಇಲ್ಲ."

ದರ ಬರಲಿ ಎಂದು ನಾನು ಅಂಗಡಿಯ ಗಾದಿಯ ಮೇಲೆ ಕೂತು ಕಾಯುತ್ತಿದ್ದೆ. ಆಕೆ ಬಸ್ಸಿನಲ್ಲಿ ನಿಂತು ಕಾಯುತ್ತಿದ್ದಳು. ಇಷ್ಟು ದಿನ ಇದು ನನ್ನ ತಲೆಗೇ ಹೋಗಿರಲಿಲ್ಲ. ಸೆರಗಿನ ಕೆಳಗೆ ನಾನು ಮತ್ತೆ ಬೆರಳು ಹಿಡಿಯಲಿಲ್ಲ. ವ್ಯಾಪಾರ ಮುಗಿಯಿತು.

ಸೋಮವಾರ ಪೇಟೆ ತೆರೆದೊಡನೆ ಪಂಪಿನ ಕಂಪನಿಯೂ ಸೇರಿ ಎಲ್ಲವನ್ನೂ ಮಾರಿದೆ. ಆ ದಿನವೂ ಕೆಂಪೇ ಇತ್ತು. ನಮ್ಮಪ್ಪ ಇದ್ದಿದ್ದರೆ ಗೋದಾಮಿನ ಕೀಲಿ ಕಸಿದುಕೊಳ್ಳುತ್ತಿದ್ದ ಎನ್ನಿಸಿತು. ಮಾರಿ ಆಕೆಗೆ ಫೋನು ಮಾಡಿದೆ. ಬಸ್ಸು ಇನ್ನೂ ಆಲಮೇಲ ಮುಟ್ಟಿರಲಿಲ್ಲ. ಮಾರಿದೆ ಎಂದೆ. ಹೂಂ ಎಂದಳು, ಎಷ್ಟಕ್ಕೆ ಎಂದು ಕೇಳಲಿಲ್ಲ. ಸೀಟು ಸಿಕ್ಕಿದೆಯಾ ಎಂದು ಕೇಳಿದೆ. ಇಷ್ಟು ವರ್ಷ ಒಂದು ದಿನವೂ ಅದನ್ನು ಕೇಳಿದವನಲ್ಲ.

"ಇಲ್ರಿ, ನಿಂತೇನಿ," ಎಂದಳು. "ಇನ್ನ ಒಂದ ವರ್ಷ ಅಷ್ಟ."