ಮಾಲ್‌ಸುನ್ ಅಜ್ಜಿಯ ವೈಫೈ
ಕೊರಿಯಾದ ಬುಸಾನ್ ನಗರದ ಗುಡ್ಡದ ಮೇಲಿನ ವಠಾರದ ಒಡತಿ ಮಾಲ್‌ಸುನ್ ಅಜ್ಜಿಗೆ ಬಾಡಿಗೆಯವರ ವೈಫೈ ಎಂದರೆ ತನ್ನ ಮರ್ಯಾದೆಯ ಪ್ರಶ್ನೆ. "ಅಜ್ಜೀ, ಮತ್ತೆ ನೆಟ್ ಹೋಯ್ತು!" ಎಂದು ಯಾರಾದರೂ ಕೂಗಿದರೆ ಸಾಕು, ಒದ್ದೆ ಕೈ ಒರೆಸಿಕೊಂಡು ಮೆಟ್ಟಿಲು ಹತ್ತಿ ಬಂದು, ಅವರ ಲ್ಯಾಪ್‌ಟಾಪನ್ನು ಹಸುಗೂಸಿನಂತೆ ಎದೆಗವಚಿಕೊಂಡು ಕೋಣೆಯಿಂದ ಕೋಣೆಗೆ ಓಡಾಡುತ್ತಾಳೆ. ಕಿಟಕಿಯ ಬಳಿ ಸಿಗ್ನಲ್ಲಿನ ಒಂದು ಗೀಟು ಕಂಡರೂ "ನೋಡ್ದ್ಯಾ, ಉಸಿರಾಡ್ತಿದೆ!" ಎನ್ನುತ್ತಾಳೆ. ಅದೂ ಮಾಯವಾದರೆ ರೂಟರನ್ನು ಆರಿಸಿ, ಹಚ್ಚಿ, ಬೆನ್ನು ತಟ್ಟಿ, "ಈ ಮನೇಲಿ ಬಾಡಿಗೆ ಕೊಡದೆ ಬಿದ್ಕೊಂಡಿರೋನು ನೀನೊಬ್ನೇ ಕಣೋ" ಎಂದು ಗದರುತ್ತಾಳೆ. ಆಕೆಯ ಪ್ರಕಾರ ತಪ್ಪು ಒಂದು ದಿನ ಮೀನಿನ ತೊಟ್ಟಿಯದು, ಇನ್ನೊಂದು ದಿನ ಪಕ್ಕದ ಮನೆಯ ಕಬ್ಬಿಣದ ಬಾಗಿಲಿನದು. ಮೇಲಿನ ಕೋಣೆಯ ಹಾರಮ್ ಬಹಳ ಕಾಲದಿಂದ ಕೆಲಸ ಹುಡುಕುತ್ತಿದ್ದಳು. ಮಧ್ಯಾಹ್ನದ ಆನ್‌ಲೈನ್ ಸಂದರ್ಶನವೊಂದು ಅರ್ಧಕ್ಕೇ ಕಡಿದುಹೋಗಿ ಅವಕಾಶ ತಪ್ಪಿತ್ತು. ಮುಂದಿನ ಸಂದರ್ಶನದ ಹಿಂದಿನ ದಿನ ಅವಳು ಹಿಂಜರಿಯುತ್ತಲೇ ಹೇಳಿದಳು: "ಬೇಜಾರು ಮಾಡ್ಕೋಬೇಡಿ ಅಜ್ಜೀ. ನೀವು ಮೈಕ್ರೋವೇವ್‌ನಲ್ಲಿ ಸಾರು ಬಿಸಿ ಮಾಡ್ದಾಗ್ಲೆಲ್ಲ ನೆಟ್ ಹೋಗುತ್ತೆ." ಅಜ್ಜಿ ಪೆಚ್ಚಾದಳು. ಊಟ ಮರೆತು ಕೂರುವ ಈ ಹುಡುಗಿಯ ಬಾಗಿಲಲ್ಲಿ ಇಡಲೆಂದೇ ಆಕೆ ದಿನವೂ ಆ ಸಾರನ್ನು ಬಿಸಿ ಮಾಡುತ್ತಿದ್ದದ್ದು. "ಅಯ್ಯೋ, ನಾನೇನಾ ಆ ಕಳ್ಳಿ!" ಎಂದವಳು ಮರುಕ್ಷಣವೇ ನಕ್ಕುಬಿಟ್ಟಳು. ಮರುದಿನ ಮಧ್ಯಾಹ್ನ ಮೈಕ್ರೋವೇವಿನ ತಂತಿ ಕಿತ್ತಿಟ್ಟು, ಗ್ಯಾಸ್ ಒಲೆ ಹೊತ್ತಿಸಿ ಸಾರಿಟ್ಟು, ಉಸಿರು ಬಿಗಿಹಿಡಿದು ಕಿವಿಗೊಟ್ಟು ನಿಂತಳು. ಮೇಲಿನಿಂದ ಹಾರಮ್‌ಳ ಮಾತು ಒಮ್ಮೆಯೂ ಕಡಿಯದೆ ಕೇಳಿಬರುತ್ತಿತ್ತು. ನಡುವೆ ಒಂದು ನಗುವೂ ಬಂತು. ಅಜ್ಜಿ ಉರಿ ಸಣ್ಣ ಮಾಡಿ, ಸಾರಿಗೆ ಇನ್ನೊಂದು ಮೊಟ್ಟೆ ಒಡೆದು ಹಾಕಿದಳು.