ಆನ್ ಆಗದ ಕಂಪ್ಯೂಟರಿಗೊಬ್ಬ ಬಾಳೇಶಣ್ಣ

ಆರ್‌ಪಿಸಿ ಲೇಔಟಿನ ಈ ಅಡ್ಡರಸ್ತೆಗೆ ಪೇಪರ್ ಹಾಕುವವರು ಇನ್ನೂ ಬಂದಿಲ್ಲ. ಬಾಳೇಶ ತಿರುವಿನಲ್ಲೇ ಸ್ಕೂಟರ್ ಆಫ್ ಮಾಡಿ, ತಳ್ಳಿಕೊಂಡು ಬರುತ್ತಿದ್ದಾರೆ. ಗೇಟಿನ ಚಿಲಕವನ್ನೂ ಸದ್ದಾಗದಂತೆ ತೆಗೆಯುತ್ತಾರೆ. ನೋಡಿದವರು ಕಳ್ಳ ಎಂದುಕೊಂಡರೆ ಅವರನ್ನು ದೂರುವಂತಿಲ್ಲ. ಬೆನ್ನಿನ ಚೀಲದಲ್ಲಿ ಸ್ಕ್ರೂಡ್ರೈವರ್‌ಗಳು, ಒಂದು ಬ್ರಷ್, ಜೊತೆಗೆ ಪರೀಕ್ಷೆಗೆಂದು ಒಂದು ಎಸ್‌ಎಂಪಿಎಸ್, ಅಂದರೆ ಕಂಪ್ಯೂಟರಿನೊಳಗೆ ಕೂತು ಎಲ್ಲ ಭಾಗಗಳಿಗೂ ಕರೆಂಟ್ ಹಂಚುವ ಡಬ್ಬ.

ಯಾಕಣ್ಣ ಇಷ್ಟೊಂದು ಗುಟ್ಟು ಎಂದು ಕೇಳಿದರೆ ನಗುತ್ತಾರೆ. “ಕರೆಯೋರೇ ಹಂಗೆ ಹೇಳ್ತಾರೆ ಸಾರ್. ಅಕ್ಕಪಕ್ಕದೋರು ಏಳೋಷ್ಟ್ರಲ್ಲಿ ಬಂದು ಹೋಗ್ಬಿಡಿ ಅಂತ. ಅವರಿಗೆ ನಾಚಿಕೆ.”

ಈ ನಾಚಿಕೆಯನ್ನು ಸ್ವಲ್ಪ ಬಿಡಿಸಿ ಹೇಳಬೇಕು. ಅಂಗಡಿಯಲ್ಲಿ ಸಿದ್ಧವಾಗಿ ಸಿಗುವ ಕಂಪ್ಯೂಟರ್ ಬೇಡವೆಂದು ಬಿಡಿ ಭಾಗಗಳನ್ನು ತಂದು, ವಿಡಿಯೊ ನೋಡಿಕೊಂಡು ಮನೆಯಲ್ಲೇ ಕಟ್ಟುವವರು ಪಶ್ಚಿಮ ಬೆಂಗಳೂರಿನಲ್ಲಿ ಬಹಳ ಜನ ಇದ್ದಾರೆ. ಭಾನುವಾರವಿಡೀ ಕೂತು ಕಟ್ಟುತ್ತಾರೆ, ಫೋಟೊ ತೆಗೆದು ಸ್ಟೇಟಸ್ಸಿಗೆ ಹಾಕುತ್ತಾರೆ, ಮನೆಯವರನ್ನೆಲ್ಲ ಕರೆದು ಬಟನ್ ಒತ್ತುತ್ತಾರೆ. ಏನೂ ಆಗುವುದಿಲ್ಲ. ಅಂಗಡಿಗೆ ಹೊತ್ತುಕೊಂಡು ಹೋದರೆ ಅಲ್ಲಿ ಮೊದಲು ಕೇಳುವುದೇ “ಯಾರಪ್ಪ ಇದನ್ನ ಕಟ್ಟಿದ ಮೇಧಾವಿ?” ಎಂದು. ಅದನ್ನು ಕೇಳಿಸಿಕೊಳ್ಳಲಾರದವರೆಲ್ಲ ಬಾಳೇಶರ ನಂಬರು ಹುಡುಕುತ್ತಾರೆ.

ನಲವತ್ತು ದಾಟಿದ ಬಾಳೇಶ ಗೋಕಾಕದ ಕಡೆಯವರು. ಐಟಿಐ ಮುಗಿಸಿ ಬಂದು ರಾಜಾಜಿನಗರದ ಶೆಡ್ಡೊಂದರಲ್ಲಿ ಸ್ಟೆಬಿಲೈಸರ್ ಜೋಡಿಸುತ್ತಿದ್ದರು. ಶೆಡ್ಡು ಮುಚ್ಚಿದ ಮೇಲೆ ಕಂಪ್ಯೂಟರ್ ರಿಪೇರಿ ಅಂಗಡಿಗೆ ಸೇರಿದರು. ಆ ‘ಮೇಧಾವಿ’ಯ ಪ್ರಶ್ನೆಯನ್ನು ದಿನವೂ ಕೇಳಿ ಕೇಳಿ ಬೇಸತ್ತು, ಕೆಲಸ ಬಿಟ್ಟು ಚೀಲ ಹೆಗಲಿಗೇರಿಸಿದರು. ಈಗ ಉಲ್ಲಾಳದಲ್ಲಿ ಬಾಡಿಗೆ ಮನೆ. ದಿನಕ್ಕೆ ಎರಡೋ ಮೂರೋ ಕರೆ, ಮಳೆ ಬಂದರೆ ಅದೂ ಇಲ್ಲ. ನೆಲದ ಮೇಲೆ ಕೂತು ಕೂತು ಸೊಂಟ ಹಿಡಿದಿದೆ, ಧೂಳಿಗೆ ಸೀನು ನಿಲ್ಲುವುದಿಲ್ಲ. ಫೋನಿನಲ್ಲೇ ಎಲ್ಲ ಕೇಳಿಕೊಂಡು ಸರಿ ಮಾಡಿಕೊಂಡವರು ಆಮೇಲೆ ಇವರ ಕರೆ ಎತ್ತುವುದಿಲ್ಲ.

ಹಿಂಬದಿಯ ಸ್ವಿಚ್ಚನ್ನೇ ಹಾಕದೆ ಎರಡು ದಿನ ಊಟ ಬಿಟ್ಟವರನ್ನು ಬಾಳೇಶ ಕಂಡಿದ್ದಾರೆ. ಮುರಿದೀತೆಂಬ ಹೆದರಿಕೆಗೆ ರ‍್ಯಾಮನ್ನು ಅರ್ಧವಷ್ಟೇ ಒತ್ತಿ ಬಿಟ್ಟ ಮೇಷ್ಟ್ರನ್ನು ಕಂಡಿದ್ದಾರೆ. ಆದರೆ ಯಾರಿಗೂ ನಿಜವಾದ ಕಾರಣ ಹೇಳುವುದಿಲ್ಲ. “ಲೂಸ್ ಕನೆಕ್ಷನ್ ಇತ್ತು, ಯಾರ ತಪ್ಪೂ ಅಲ್ಲ ಅಂತೀನಿ. ಅಷ್ಟೇ. ಮನೆಯೋರ ಮುಂದೆ ಯಾಕೆ ಅವರ ಮಾನ ಕಳೀಬೇಕು?” ಈ ಗುಣ ಕಂಡೇ ನಾನು ಅವರ ಬಗ್ಗೆ ಬರೆಯಲು ಹೊರಟಿದ್ದು.

ಬಾಗಿಲು ತೆರೆದ ಶಿವರಂಜನಿಗೆ ಮೂವತ್ತರ ಆಸುಪಾಸು. ಮನೆಗಳ ಒಳಾಂಗಣದ ನಕ್ಷೆ ಬರೆಯುವುದು ಅವರ ಕೆಲಸ. ಅದಕ್ಕೆಂದು ತಾವೇ ಕಟ್ಟಿದ ಕಂಪ್ಯೂಟರ್ ಕೋಣೆಯ ಮೂಲೆಯಲ್ಲಿದೆ. ಕಟ್ಟಿದ ದಿನ ಸಲೀಸಾಗಿ ನಡೆಯಿತು. ಅದನ್ನು ಮೆಚ್ಚಿ ಮೇಲಿನ ಮನೆಯ ರಾಗಿಣಿ ತಮಗೂ ಒಂದು ಕಟ್ಟಿಕೊಡಿ ಎಂದು ಕೇಳಿಯೂ ಆಗಿತ್ತು. ಆಯುಧಪೂಜೆ ಕಳೆದ ಮಾರನೆಯ ದಿನದಿಂದ ಕಾಯಿಲೆ ಶುರು. ಬಟನ್ ಒತ್ತಿದರೆ ಫ್ಯಾನ್ ತಿರುಗುತ್ತದೆ, ದೀಪ ಹತ್ತುತ್ತದೆ, ಉಸಿರು ಬಿಡುವಷ್ಟರಲ್ಲಿ ಎಲ್ಲ ಆರಿಹೋಗುತ್ತದೆ.

“ಮೂರು ಸಲ ಬಿಚ್ಚಿ ಕಟ್ಟಿದೆ ಅಣ್ಣ. ಎಲ್ಲಿ ಎಡವಟ್ಟು ಮಾಡಿದೀನೋ ಗೊತ್ತಾಗ್ತಿಲ್ಲ,” ಶಿವರಂಜನಿ ಪಿಸುಗುಡುತ್ತಾರೆ. ಪಕ್ಕದ ಕೋಣೆಯಲ್ಲಿ ಗಂಡ ಗಿರಿರಾಜ್ ಮಲಗಿದ್ದಾರೆ. “ನಮ್ಮನೆಯವರು ವಾರದಿಂದ ರೇಗಿಸ್ತಾನೇ ಇದಾರೆ.”

ಬಾಳೇಶ ಪಕ್ಕದ ತಗಡು ತೆಗೆದು ಟಾರ್ಚ್ ಬಿಡುತ್ತಾರೆ. ಒಂದೊಂದೇ ವೈರನ್ನು ಮುಟ್ಟಿ, ಮೆಲ್ಲಗೆ ಎಳೆದು ನೋಡುತ್ತಾರೆ. ಎಲ್ಲ ಭದ್ರವಾಗಿವೆ. “ಎಷ್ಟು ಅಚ್ಚುಕಟ್ಟಾಗಿ ಕಟ್ಟಿದಾರೆ,” ಎಂದು ತಮ್ಮಷ್ಟಕ್ಕೇ ಹೇಳಿಕೊಳ್ಳುತ್ತಾರೆ. ಆಮೇಲೆ ಬಟನ್ನಿನಿಂದ ಬರುವ ವೈರನ್ನು ಕಳಚಿ, ಬಟನ್ ಮಾಡುವ ಕೆಲಸವನ್ನು ಸ್ಕ್ರೂಡ್ರೈವರಿನ ತುದಿಯಿಂದ ತಾವೇ ಮಾಡುತ್ತಾರೆ. ಫ್ಯಾನ್ ತಿರುಗುತ್ತದೆ. ನಾವು ಉಸಿರು ಬಿಗಿಹಿಡಿದು ಕಾಯುತ್ತೇವೆ. ಆರುವುದಿಲ್ಲ. ಶಿವರಂಜನಿ “ರೀ, ಏಳ್ರೀ, ಆನ್ ಆಯ್ತು!” ಎನ್ನುತ್ತಾ ಗಂಡನನ್ನು ಎಬ್ಬಿಸಲು ಓಡುತ್ತಾರೆ. ಗುಟ್ಟೆಲ್ಲ ಗಾಳಿಗೆ ಹೋಯಿತು.

ಬಾಳೇಶ ಈಗ ಕಂಪ್ಯೂಟರಿನ ನೆತ್ತಿಯ ಮೇಲಿರುವ ದುಂಡನೆಯ ಬಟನ್ನನ್ನು ಒತ್ತುತ್ತಾರೆ. ಒಳಗೆ ಹೋದ ಬಟನ್ ಬೇಗ ಮೇಲೆ ಬರುವುದಿಲ್ಲ. ಒತ್ತಿ ಹಿಡಿದೇ ಇದ್ದರೆ ಕಂಪ್ಯೂಟರ್ ತಾನಾಗಿ ಆರುತ್ತದೆ, ಕಾಯಿಲೆ ಇಷ್ಟೇ. ಹಲ್ಲುಕಡ್ಡಿಯಿಂದ ಸಂದಿಯನ್ನು ಕೆರೆದರೆ ಬೆಳ್ಳಗೆ, ಸುಣ್ಣದಂತೆ ಗಟ್ಟಿಯಾದ ಪುಡಿ ಉದುರುತ್ತದೆ. ವಿಭೂತಿ! ಪೂಜೆಯ ದಿನ ಯಾರೋ ನೀರಲ್ಲಿ ಕಲಸಿ ಬಟನ್ನಿನ ಮೇಲೇ ಎಳೆದಿದ್ದಾರೆ. ಮೇಲಿನದನ್ನು ಒರೆಸಿದ್ದಾರೆ, ಸಂದಿಗೆ ಇಳಿದದ್ದು ಅಲ್ಲೇ ಒಣಗಿದೆ.

ಬಾಳೇಶ ತಲೆ ಎತ್ತಿದಾಗ ಬಾಗಿಲಲ್ಲಿ ಗಿರಿರಾಜರ ತಾಯಿ ನೀಲಮ್ಮ ಕಾಫಿಯ ಲೋಟಗಳನ್ನು ಹಿಡಿದು ನಿಂತಿದ್ದಾರೆ. ಸ್ನಾನ ಮುಗಿಸಿದ ಹಣೆಯ ಮೇಲೆ ಮೂರು ಬಿಳಿ ಗೆರೆ. ಅವರ ಕಣ್ಣು ಹಲ್ಲುಕಡ್ಡಿಯ ಮೇಲಿದೆ. ನಮ್ಮನ್ನೊಮ್ಮೆ ನೋಡಿ, ತಲೆ ತಗ್ಗಿಸಿ ಲೋಟಗಳನ್ನು ಕೆಳಗಿಡುತ್ತಾರೆ.

ಅಷ್ಟರಲ್ಲಿ ಶಿವರಂಜನಿಯ ಹಿಂದೆ ಗಿರಿರಾಜ್ ಕಣ್ಣುಜ್ಜುತ್ತಾ ಬರುತ್ತಾರೆ. “ಏನಾಗಿತ್ತಂತೆ?”

“ಲೂಸ್ ಕನೆಕ್ಷನ್ ಸಾರ್. ಯಾರ ತಪ್ಪೂ ಅಲ್ಲ,” ಎನ್ನುತ್ತಾರೆ ಬಾಳೇಶ. ಆ ಮಾತು ನಾಲಿಗೆಯ ಮೇಲೆ ಸಿದ್ಧವಾಗಿಯೇ ಇರುತ್ತದೆ.

“ನಾನು ಹೇಳ್ಲಿಲ್ವೇನೇ?” ಗಿರಿರಾಜ್ ಹೆಂಡತಿಯ ಕಡೆ ತಿರುಗಿ ನಗುತ್ತಾರೆ. “ಎಲ್ಲೋ ಸರಿಯಾಗಿ ಸಿಗಿಸಿಲ್ಲ ನೀನು. ಅದಕ್ಕೇ ರೆಡಿಮೇಡ್ ತಗೋ ಅಂದಿದ್ದು ಕಣೇ.”

ಅವರೇನೂ ಕೆಟ್ಟವರಲ್ಲ, ತಮಾಷೆಗೆ ಅಂದದ್ದು. ಆದರೆ ಈಗಷ್ಟೇ ಕುಣಿಯುತ್ತಿದ್ದ ಶಿವರಂಜನಿಯ ಮುಖ ಸಪ್ಪಗಾಗುತ್ತದೆ. “ಹೌದು, ನನಗೆ ಬರಲ್ಲ ಬಿಡಿ,” ಎನ್ನುತ್ತಾರೆ. “ರಾಗಿಣಿಗೆ ಇವತ್ತೇ ಹೇಳ್ಬಿಡ್ತೀನಿ, ನನ್ನ ಕೈಲಾಗಲ್ಲ ಅಂತ. ಅವರ ಸಾಮಾನು ಯಾಕೆ ಹಾಳ್ಮಾಡ್ಲಿ?”

ನಿಜ ಗೊತ್ತಿದ್ದವರು ಆ ಕೋಣೆಯಲ್ಲಿ ಮೂವರು. ಮೂವರೂ ತುಟಿ ಬಿಚ್ಚುವುದಿಲ್ಲ. ಪತ್ರಿಕೆಯವನೆಂದು ಪ್ರತ್ಯೇಕ ಸ್ಟೂಲಿನ ಮೇಲೆ ಕೂತ ನಾನು ಕಾಫಿ ಲೋಟವನ್ನು ಹಾಗೇ ಕೆಳಗಿಡುತ್ತೇನೆ.

ಗೇಟಿನ ಹೊರಗೆ ಬಂದರೂ ಬಾಳೇಶ ಸ್ಕೂಟರ್ ಹತ್ತುವುದಿಲ್ಲ. ಸೀಟಿನ ಮೇಲೆ ಕೈಯೂರಿ ನಿಲ್ಲುತ್ತಾರೆ.

“ಸಾರ್, ಲೂಸ್ ಕನೆಕ್ಷನ್ ಅಂದ್ರೇನು? ಕಟ್ಟಿದೋರು ಸರಿಯಾಗಿ ಕಟ್ಟಿಲ್ಲ ಅಂತ ತಾನೇ? ಇಷ್ಟು ವರ್ಷ ಎಲ್ಲರ ಮನೇಲೂ ಹೇಳ್ಕೊಂಡು ಬಂದೆ. ಅದು ಯಾರ ತಲೆ ಮೇಲೆ ಬೀಳ್ತಿತ್ತು ಅಂತ ಒಂದಿನಾನೂ ಯೋಚ್ನೆ ಮಾಡ್ಲಿಲ್ಲ.” ಕೆಂಗೇರಿ ಉಪನಗರದ ಒಂದು ಮನೆ ಅವರಿಗೆ ನೆನಪಾಗುತ್ತದೆ. ಅಲ್ಲಿ ಎಸ್‌ಎಂಪಿಎಸ್ ಅಂಗಡಿಯಿಂದ ಬರುವಾಗಲೇ ಕೆಟ್ಟಿತ್ತು. ಬೇರೆ ಹಾಕಿ, ಇದೇ ಮಾತು ಹೇಳಿದರು. “ಅಭಿನವ್ ಅಂತ, ಕಾಲೇಜು ಹುಡುಗ. ಅವರಪ್ಪ ನನ್ನ ಮುಂದೇನೇ ಬೈದ್ರು, ಇನ್ಮೇಲೆ ಸ್ಕ್ರೂಡ್ರೈವರ್ ಮುಟ್ಟಿದ್ರೆ ನೋಡು ಅಂತ. ನಾನು ಚೀಲ ತಗೊಂಡು ಬಂದ್ಬಿಟ್ಟೆ. ಮಾನ ಉಳಿಸ್ದೆ ಅಂತ ಬೀಗ್ತಾ ಇದ್ದೆ ಸಾರ್. ನಾಚಿಕೆ ಆಗ್ತಿದೆ.”

“ಹಾಗಾದರೆ ವಾಪಸ್ ಹೋಗಿ ನಿಜ ಹೇಳೋಣವೇ?”

“ಹೇಳಿದ್ರೆ ಆ ಅಮ್ಮ ತಲೆ ತಗ್ಗಿಸ್ಬೇಕು. ಹೇಳ್ದಿದ್ರೆ ಈ ಹೆಣ್ಮಗಳು.” ಎಂದವರೇ ಮತ್ತೆ ಚಿಲಕ ತೆಗೆಯುತ್ತಾರೆ. ಈ ಸಲ ಅದು ಕಿರ್ ಎಂದು ಬೀದಿಗೆಲ್ಲ ಕೇಳಿಸುತ್ತದೆ.

ಗಂಡ, ಹೆಂಡತಿ ಇಬ್ಬರೂ ಹಾಲಿನಲ್ಲಿದ್ದಾರೆ. ಬಾಳೇಶ ಚಪ್ಪಲಿ ಬಿಟ್ಟು ಬಾಗಿಲಲ್ಲೇ ನಿಂತು ಹೇಳುತ್ತಾರೆ: “ಮೇಡಂ, ನಾನು ಸುಳ್ಳು ಹೇಳ್ದೆ. ನೀವು ಕಟ್ಟಿದ್ರಲ್ಲಿ ಒಂದು ವೈರೂ ಲೂಸ್ ಇರ್ಲಿಲ್ಲ. ನಾನಾಗಿದ್ರೂ ಅಷ್ಟು ನೀಟಾಗಿ ಕಟ್ತಿರ್ಲಿಲ್ಲ.”

“ಮತ್ತೇನಾಗಿತ್ರೀ?” ಗಿರಿರಾಜ್ ಕೇಳುತ್ತಾರೆ.

ಬಾಳೇಶ ನೆಲ ನೋಡುತ್ತಾರೆ. ಅಲ್ಲಿಗೆ ಅವರ ಧೈರ್ಯ ಮುಗಿದಿದೆ.

“ನನ್ನ ವಿಭೂತಿ ಕಣಪ್ಪ.” ಅಡುಗೆಮನೆಯಿಂದ ನೀಲಮ್ಮ ಸೆರಗಿನಲ್ಲಿ ಕೈ ಒರೆಸಿಕೊಳ್ಳುತ್ತಾ ಬರುತ್ತಾರೆ. “ಪೂಜೆ ದಿನ ಮಿಕ್ಸಿಗೆ, ಫ್ರಿಜ್ಜಿಗೆ ಹಚ್ಚಿ, ಇದಕ್ಕೂ ಹಚ್ದೆ. ದುಂಡಗಿತ್ತಲ್ಲ, ಹಣೆ ಇದ್ದಂಗೆ ಕಾಣ್ತು, ಅದರ ಮ್ಯಾಲೇ ಹಚ್ದೆ. ಅದು ಗೊತ್ತಿಲ್ದೆ ಆಗಿದ್ದು, ಹೋಗ್ಲಿ. ಆದ್ರೆ ಇವರು ಕಡ್ಡೀಲಿ ಕೆರೆದು ತೆಗೆಯೋದನ್ನ ಕಣ್ಣಾರೆ ನೋಡ್ದೆ. ನೋಡೀನೂ ಸುಮ್ನಿದ್ದೆ. ನೀನು ನಗೋವಾಗ್ಲೂ ಸುಮ್ನಿದ್ದೆ. ಈ ವಯಸ್ಸಿಗೆ ಇಂಥ ಕೆಲಸ ಮಾಡಿದ್ನಲ್ಲ ಅಂತ ನಂಗೆ ನಾಚಿಕೆ ಆಗ್ತೈತಿ ಕಣವ್ವಾ ರಂಜನಿ.”

ಗಿರಿರಾಜ್ ನಮ್ಮ ಕಾಫಿ ಲೋಟಗಳನ್ನು ಎತ್ತಿಕೊಂಡು ತೊಳೆಯಲು ಹೋಗುತ್ತಾರೆ. ಶಿವರಂಜನಿ ಅತ್ತೆಯ ಕೈ ಹಿಡಿದು ಸೋಫಾದ ಮೇಲೆ ಕೂರಿಸುತ್ತಾರೆ. “ನನ್ನ ಕಂಪ್ಯೂಟರ್‌ಗೆ ಒಳ್ಳೇದಾಗ್ಲಿ ಅಂತ ತಾನೇ ಹಚ್ಚಿದ್ದು ಅತ್ತೆ? ಮುಂದಿನ ವರ್ಷ ಸ್ವಲ್ಪ ಪಕ್ಕಕ್ಕೆ ಹಚ್ಚಿ.” ಹೇಳುತ್ತಾ ಹೇಳುತ್ತಾ ಅವರಿಗೆ ಅಳು ಬರುತ್ತದೆ. ನೀಲಮ್ಮನಿಗೂ.

ಇದನ್ನೆಲ್ಲ ಬರೆಯಬಹುದೇ ಎಂದು ಕೇಳುತ್ತೇನೆ. ಕೇಳಲು ನನಗೇ ಸಂಕೋಚ. ಹೆಸರು ಬದಲಿಸುತ್ತೇನೆ ಎನ್ನುತ್ತೇನೆ. ನೀಲಮ್ಮ ಒಪ್ಪುವುದಿಲ್ಲ. “ನನ್ನ ಹೆಸರೇ ಹಾಕಿ. ಸುಮ್ನಿದ್ದವಳು ಯಾರು ಅಂತ ಗೊತ್ತಾಗ್ಲಿ.”

ರಸ್ತೆಯಲ್ಲಿ ಈಗ ಬೆಳಕು ಹರಿದಿದೆ, ವಾಕಿಂಗ್ ಹೊರಟವರು ನಮ್ಮನ್ನು ನೋಡಿಕೊಂಡು ಹೋಗುತ್ತಿದ್ದಾರೆ. ಬಾಳೇಶ ಮನೆಗೆ ಹೋಗುವುದಿಲ್ಲವಂತೆ, ಮೊದಲು ಕೆಂಗೇರಿಗೆ. ಅಭಿನವ್ ಕಾಲೇಜಿಗೆ ಹೊರಡುವ ಮುಂಚೆ, ಅವನ ತಂದೆ ಮನೆಯಲ್ಲಿರುವಾಗಲೇ ತಲುಪಬೇಕು. “ಬೈತಾರೋ ಏನೋ, ಬೈಲಿ,” ಎನ್ನುತ್ತಾರೆ.

ಲೇಖನದಲ್ಲಿ ನಿಮ್ಮ ಬಗ್ಗೆ ಏನು ಬರೆಯಲಿ ಎಂದು ಕೇಳಿದರೆ ಹೆಲ್ಮೆಟ್ಟಿನ ಪಟ್ಟಿ ಬಿಗಿಯುತ್ತಾ ಹೇಳುತ್ತಾರೆ: “ನನ್ನ ಬಗ್ಗೆ ಏನಾದ್ರೂ ಬರ್ಕೊಳ್ಳಿ ಸಾರ್. ಒಂದು ಸಾಲು ಮಾತ್ರ ಬಿಡ್ಬೇಡಿ. ಆ ಕಂಪ್ಯೂಟರ್ ಕಟ್ಟಿದ್ದು ಶಿವರಂಜನಿ ಮೇಡಂ. ಚೆನ್ನಾಗಿ ಕಟ್ಟಿದಾರೆ.”