ಸೀಳು ಬೆಳಕಿನ ಡಾಕ್ಟರು

ಕಣ್ಣು ನೋಡುವ ಯಂತ್ರದಲ್ಲಿ ಗದ್ದ ಊರುವ ಪಟ್ಟಿಗೆ ಸ್ಪಿರಿಟ್ ಒರೆಸಿದ ವಾಸನೆ. ಕಳೆದ ತಿಂಗಳು ಹುಬ್ಬಳ್ಳಿಯ ಕಣ್ಣಿನ ಆಸ್ಪತ್ರೆಯಲ್ಲಿ ಅದು ಮೂಗಿಗೆ ಬಿದ್ದ ಕೂಡಲೇ ನನ್ನ ಕೈ ತಾನಾಗಿಯೇ ಹತ್ತಿಯ ಉಂಡೆಗಾಗಿ ಹುಡುಕಾಡಿತು. ಆದರೆ ಅಂದು ಪರೀಕ್ಷೆ ನನ್ನ ಕಣ್ಣಿಗೇ ಇತ್ತು. ಕಾನ್‌ಫೋಕಲ್ ಮೈಕ್ರೋಸ್ಕೋಪ್ ಎಂದರು. ಕರಿಗುಡ್ಡೆಯ ಮೇಲಿನ ಗಾಜಿನಂಥ ಹೊದಿಕೆ, ಅಂದರೆ ಕಾರ್ನಿಯಾ, ಕೊಯ್ಯದೆ ಕತ್ತರಿಸದೆ ಪದರ ಪದರವಾಗಿ ಪರದೆಯ ಮೇಲೆ ಬಂತು. ಬೇಕಾದ ಆಳದಿಂದ ಬರುವ ಬೆಳಕನ್ನಷ್ಟೇ ಉಳಿಸಿಕೊಂಡು ಮೇಲಿನ, ಕೆಳಗಿನ ಬೆಳಕನ್ನೆಲ್ಲ ಆ ಯಂತ್ರ ತಡೆಯುತ್ತದಂತೆ. ವಿವರಿಸುತ್ತಿದ್ದ ಹುಡುಗಿಗೆ ನಾನು ತಲೆಯಾಡಿಸಿದೆ. ಇಂಥದೇ ಮಾತನ್ನು ನನಗೆ ಬಹಳ ಹಿಂದೆ ಒಬ್ಬರು ಹೇಳಿದ್ದರು…

ಅರವತ್ತರ ದಶಕದ ಮೊದಲ ವರ್ಷಗಳು. ಇದೇ ಹುಬ್ಬಳ್ಳಿಯ ದೇಶಪಾಂಡೆ ನಗರದ ಒಂದು ಸಣ್ಣ ಕಣ್ಣಿನ ದವಾಖಾನೆಯಲ್ಲಿ ನಾನು ನರ್ಸ್ ಆಗಿದ್ದೆ. ಬೆಳಿಗ್ಗೆ ಬಂದು ಉಪಕರಣ ಕುದಿಸುವುದು, ಹತ್ತಿ ಸುತ್ತುವುದು, ಲ್ಯಾಂಪಿನ ಗಾಜು ಒರೆಸುವುದು. ಈ ಕ್ರಮ ಒಂದು ದಿನವೂ ತಪ್ಪಬಾರದು. ಡಾಕ್ಟರಿಗೆ ಆಗ ಮೂವತ್ತೈದರ ಆಸುಪಾಸು. ಮಾತು ಕಡಿಮೆ, ಸಿಟ್ಟು ಹೆಚ್ಚು. ಅವರ ಹತ್ತಿರ ಪರದೇಶದ ಸ್ಲಿಟ್ ಲ್ಯಾಂಪ್ ಇತ್ತು. ಕಿಟಕಿಗಳನ್ನು ಮುಚ್ಚಿಸಿ, ಬೆಳಕನ್ನು ಕೂದಲೆಳೆಯಷ್ಟು ಕಿರಿದು ಮಾಡಿ, ಓರೆಯಾಗಿ ಕಣ್ಣೊಳಗೆ ಬಿಡುತ್ತಿದ್ದರು. ಕತ್ತಲೆಯಲ್ಲಿ ಕಾರ್ನಿಯಾದ ಒಂದು ತೆಳು ಹೋಳು ಮಾತ್ರ ಬೆಳಗುತ್ತಿತ್ತು.

“ಬೆಳಕ ಭಾಳ ಇದ್ರ ಭಾಳ ಕಾಣಸ್ತದ ಅಂತ ತಿಳ್ಕೋಬ್ಯಾಡ್ರಿ ಸಿಸ್ಟರ್,” ಅಂದಿದ್ದರು ಒಮ್ಮೆ. “ಎಲ್ಲಾ ಕಲಸಿ ಹೋಗ್ತದ. ಆಳ ತಿಳೀಬೇಕಂದ್ರ ಬ್ಯಾಡಾದ ಬೆಳಕ ತಗೀಬೇಕು.”

ಜೋಳದ ಸುಗ್ಗಿ ಮುಗಿಯುತ್ತಿದ್ದ ಒಂದು ಮಧ್ಯಾಹ್ನ ಉಪ್ಪಿನಬೆಟಗೇರಿಯಿಂದ ಒಬ್ಬ ಮುದುಕಿ ಸೊಸೆಯ ಕೈ ಹಿಡಿದು ಬಂದಳು. ಊರಿನವರೆಲ್ಲ ಅವಳನ್ನು ಆಯಿ, ಅಂದರೆ ಅಜ್ಜಿ, ಅನ್ನುತ್ತಿದ್ದರು. ನಾವೂ ಹಾಗೇ ಕರೆದೆವು. ಒಂದು ಕಣ್ಣು ಸಣ್ಣವಳಿದ್ದಾಗಲೇ ಸಿಡುಬಿನಲ್ಲಿ ಹೋಗಿತ್ತು. ಉಳಿದ ಕಣ್ಣಿಗೆ ಜೋಳದ ದಂಟಿನ ಸಿಬರು ಚುಚ್ಚಿತ್ತು. ಊರಿನಲ್ಲಿ ಯಾರ ಕಣ್ಣಿಗೆ ಕಸ ಬಿದ್ದರೂ ನಾಲಿಗೆಯ ತುದಿಯಿಂದ ತೆಗೆಯುತ್ತಿದ್ದವಳು ಈ ಆಯಿಯೇ. ತನ್ನ ಕಣ್ಣಿಗೆ ತಾನು ನಾಲಿಗೆ ಹಾಕುವುದಾಗುತ್ತದೆಯೇ? ಸೊಸೆಯಿಂದ ಹಾಕಿಸಿಕೊಂಡಿದ್ದಳು. ಸಿಬರಿನ ಹೊರತುದಿ ಮುರಿದು, ಉಳಿದದ್ದು ಒಳಗೆ ಸರಿದಿತ್ತು.

“ನಾಲಿಗಿ ಹಾಕಿದವರು ಯಾರು?” ಡಾಕ್ಟರ ದನಿ ಏರಿತು. ಸೊಸೆ ತಲೆ ತಗ್ಗಿಸಿದಳು.

“ಅಕೀಗ್ಯಾಕ ಬೈತೀಯೋ ತಮ್ಮಾ? ನಾನ ಹಾಕ ಅಂದೆ,” ಎಂದಳು ಆಯಿ. “ಅಕೀ ನಾಲಿಗಿ ನನಗ ಎದರ ಮಾತಾಡಾಕ ಚುರುಕೈತಿ, ಕಸ ತಗ್ಯಾಕ ಅಲ್ಲ.”

ಡಾಕ್ಟರು ನಗಲಿಲ್ಲ. ಲ್ಯಾಂಪಿನ ಮುಂದೆ ಕೂಡಿಸಿ ಬಹಳ ಹೊತ್ತು ನೋಡಿದರು.

“ಇಷ್ಟ ದೊಡ್ಡ ಮಶೀನ ಇಟಗೊಂಡ ಒಂದ ಸಿಬರಿಗೆ ಇಷ್ಟೊತ್ತೇನೋ? ಹಿಡದ ಜಗ್ಗ.”

“ಜಗ್ಗಿದ್ರ ಕಣ್ಣ ಹೋಗ್ತದ, ಆಯಿ. ಮ್ಯಾಲ ಕಾಣೂದು ಬರೇ ಚುಕ್ಕಿ. ಅದು ಕಾರ್ನಿಯಾ ದಾಟಿ ಓರೇಕ ಒಳಗ ಹೋಗ್ಯದ. ಹಿಂದ ಇರೋ ಮಸೂರಕ್ಕ ತುದಿ ಇನ್ನೇನ ತಾಗಬೇಕು. ಹೋದ ದಾರೀಲೇ ಹೊರಗ ಬರಬೇಕು. ಬಿಟ್ರ ಕೀವು ಆಗ್ತದ.”

ಆಯಿ ಲ್ಯಾಂಪಿನ ಪಟ್ಟಿಯ ಮೇಲೆ ಮತ್ತೆ ಗದ್ದ ಊರಿದಳು.

ಜೋಮು ಹಿಡಿಸುವ ಹನಿ ಹಾಕಿದೆ. ಹಿಂದೆ ನಿಂತು ಎರಡೂ ಕೈಯಿಂದ ಅವಳ ತಲೆ ಹಿಡಿದೆ. ಬೇರೆಯವರಾದರೆ ಇನ್ನೊಂದು ಕಣ್ಣಿನಿಂದ ಡಾಕ್ಟರ ಕಿವಿಯನ್ನು ನೋಡುತ್ತ ಕೂಡುತ್ತಿದ್ದರು. ಆಗ ಕಣ್ಣು ಅಲುಗಾಡುವುದಿಲ್ಲ. ಇವಳಿಗೆ ಇನ್ನೊಂದು ಕಣ್ಣೇ ಇಲ್ಲ. ಇದ್ದ ಕಣ್ಣಿಗೆ ಎದುರು ಬೆಳಕು, ಸುತ್ತ ಕತ್ತಲೆ. ಚಿಮಟ ಹತ್ತಿರ ಬಂದಿತು, ಕಣ್ಣು ಜಾರಿತು. ಡಾಕ್ಟರು ಕೈ ಹಿಂದೆ ತೆಗೆದರು. ಮತ್ತೆ ಹಿಡಿದರು, ಮತ್ತೆ ಜಾರಿತು. ಸಿಬರಿನ ತುದಿ ಒಳಗೆ ಕದಲಿತು ಎಂದು ಅವರು ಉಸಿರು ಬಿಟ್ಟ ರೀತಿಯಿಂದಲೇ ನನಗೆ ತಿಳಿಯಿತು.

“ಆಯಿ, ನಿಮ್ಮ ಬಲಗೈ ಹೆಬ್ಬೆರಳ ಎಲ್ಲದ ಅಂತ ಕತ್ತಲಾಗೂ ನಿಮಗ ಗೊತ್ತಿರತದಲ್ಲ? ಕೈ ಚಾಚ್ರಿ. ಅದನ್ನ ನೋಡ್ರಿ. ಕಾಣಸಲಿಲ್ಲಂದ್ರೂ ನೋಡ್ರಿ,” ಎಂದರು ಡಾಕ್ಟರು.

ಆಯಿ ಕೈ ಚಾಚಿದಳು. ಡಾಕ್ಟರು ಹೇಳಿದ ಜಾಗದಲ್ಲಿ ಸೊಸೆ ಅವಳ ಮಣಿಕಟ್ಟು ಹಿಡಿದಳು. ಸೊಸೆಯ ಕೈ ನಡುಗುತ್ತಿತ್ತು.

“ನಡಗಬ್ಯಾಡ ಹುಡುಗಿ,” ಆಯಿ ತುಟಿ ಅಲುಗಿಸದೆ ಹೇಳಿದಳು. “ನಿನ್ನ ನಡುಕ ನನ್ನ ಕಣ್ಣಿಗೆ ಹತ್ತತೈತಿ.”

ಕೈ ನಿಂತಿತು. ಕಣ್ಣೂ ನಿಂತಿತು. ಡಾಕ್ಟರು ಚಿಮಟವನ್ನು ಓರೆಯಾಗಿ ಇಳಿಸಿದರು. ಹೋದ ದಾರಿಯಲ್ಲೇ ಸಿಬರು ಬಂತು, ಅದರ ಹಿಂದೆ ಒಂದು ಹನಿ ನೀರು. ಕೂಡಲೇ ಕಣ್ಣು ಮುಚ್ಚಿ ಪಟ್ಟಿ ಕಟ್ಟಿದೆವು.

ಉಳಿದ ಭಯ ಕೀವಿನದು. ಆಯಿ ನಮ್ಮ ಒಳಕೋಣೆಯಲ್ಲಿ ಪೂರ್ತಿ ಕತ್ತಲೆಯಲ್ಲಿ ಮಲಗಿದ್ದಳು. ಡಾಕ್ಟರು ದಿನವೂ ಪಟ್ಟಿ ಸಡಿಲಿಸಿ ನೋಡಿ, ಮತ್ತೆ ಕಟ್ಟಿಸುತ್ತಿದ್ದರು. ಕೊನೆಗೊಂದು ಬೆಳಿಗ್ಗೆ ಲ್ಯಾಂಪಿನಿಂದ ಹಿಂದೆ ಸರಿದು, “ಸಿಸ್ಟರ್, ನೀವ ನೋಡ್ರಿ,” ಎಂದರು. ಬೆಳಗಿದ ಹೋಳಿನಲ್ಲಿ ಓರೆಯಾದ ಒಂದು ಬಿಳಿ ಗೆರೆ. ಅದರಾಚೆ ಎಲ್ಲವೂ ತಿಳಿಯಾಗಿತ್ತು.

ಆಯಿ ಡಾಕ್ಟರ ಮುಖವನ್ನು ದಿಟ್ಟಿಸಿದಳು. “ಅಯ್ಯ, ಇಷ್ಟ ಸಣ್ಣಾಂವ ಅದೀಯೇನೋ? ಬೈಯೂದ ಕೇಳಿ ಮುದಕ ಇರಬೇಕಂತ ಮಾಡಿದ್ದೆ!”

ಅಂದು ಡಾಕ್ಟರು ನಕ್ಕರು. ಮುಂದೆ ಆ ಊರಿನವರು ಕಣ್ಣು ಒತ್ತಿಕೊಂಡು ಬಂದು, “ಆಯಿ ಕಳಿಸ್ಯಾಳ್ರಿ,” ಅನ್ನುವುದು ರೂಢಿಯಾಯಿತು.

ಆ ದಶಕ ಮುಗಿಯುವುದರೊಳಗೆ ಡಾಕ್ಟರು ಹೋದರು. ಬೆಳಗಿನ ಹೊತ್ತು, ರೋಗಿಗಳು ಇನ್ನೂ ಬಂದಿರಲಿಲ್ಲ. ಕುರ್ಚಿಯಲ್ಲೇ ಕುಸಿದರು. ಎದೆಯ ರೋಗ ಎಂದರು. ಸುದ್ದಿ ಮುಟ್ಟಿ ಆಯಿ ಬಂದಾಗ ನಾನೊಬ್ಬಳೇ ಸಾಮಾನು ಕಟ್ಟುತ್ತಿದ್ದೆ.

“ಎದ್ಯಾಗ ಏನಾಗೇತಿ ಅಂತ ಮೊದಲ ಯಾರೂ ನೋಡಲಿಲ್ಲೇನ ತಂಗಿ?”

“ಅವರು ಯಾರಿಗೂ ತೋರಸಲಿಲ್ಲ, ಆಯಿ.”

“ನನ್ನ ಕಣ್ಣಾಗ ಅಷ್ಟ ಆಳ ನೋಡಿದಾಂವ…” ಎಂದು ಸೆರಗು ಎತ್ತಿದಳು. ಕಣ್ಣನ್ನು ಸೆರಗಿನಿಂದ ಒರೆಸಬಾರದು. ನಾನು ಅವಳ ಕೈ ತಡೆದು, ಕುದಿಸಿದ ಹತ್ತಿ ತಂದು ನಿಧಾನವಾಗಿ ಒರೆಸಿದೆ. ಆ ದವಾಖಾನೆಯಲ್ಲಿ ನಾನು ಮಾಡಿದ ಕೊನೆಯ ಕೆಲಸ ಅದೇ.

ಆಯಿಯೂ ಹೋಗಿ ಬಹಳ ಕಾಲವಾಯಿತು. ಕಳೆದ ತಿಂಗಳು ಆ ಆಸ್ಪತ್ರೆಯಲ್ಲಿ ನನ್ನ ಕಣ್ಣಿನ ಕೊನೆಯ ಪದರವೂ ಪರದೆಯ ಮೇಲೆ ಬಂದು ಹೋದ ಮೇಲೆ, “ಏನರ ಕೇಳೂದೈತೇನ್ರಿ ಅಜ್ಜಿ?” ಎಂದಳು ಹುಡುಗಿ. ನನಗೆ ಕೇಳುವುದೇನೂ ಇರಲಿಲ್ಲ. ಡಾಕ್ಟರನ್ನು ಆ ಪರದೆಯ ಮುಂದೆ ಕೂಡಿಸಿ, “ನೀವ ನೋಡ್ರಿ,” ಅನ್ನಬೇಕಿತ್ತು…